ಇಕ್ಕಳದ ಗುರುತು

ಒಲೆಯ ಉರಿ ಸುತ್ತಲೂ ನೀಲಿ, ಒಂದು ಮಗ್ಗುಲಲ್ಲಿ ಮಾತ್ರ ಹಳದಿ, ಬರ್ನರಿನ ತೂತು ಕಟ್ಟಿರಬೇಕು, ಪಿನ್ನು ಹಾಕಿ ಕೆದಕಬೇಕು, ಹಾಲಿನ ಪಾತ್ರೆ ಆ ಮಗ್ಗುಲಲ್ಲೇ ಮಸಿಯಾಗುತ್ತಿದೆ — ಹದಿಮೂರು ದಿನ ಈ ಒಲೆಯ ಮುಂದೆ ಯಾರ್ಯಾರೋ ನಿಂತಿದ್ದರು, ನನ್ನನ್ನು ಹತ್ತಿರ ಬಿಡಲಿಲ್ಲ, ನಿನ್ನೆ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಎಲ್ಲರೂ ಹೊರಟರು, ಇವತ್ತು ಬರೀ ಬುಧವಾರ, ಕಸದ ಗಾಡಿ ಬಂತು, ಹೋಯಿತು. ಅತ್ತೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ, ಕುಡಿಯುತ್ತಿಲ್ಲ. ಪ್ರಿಯಾ, ಆವಲಪ್ಪನ ಸಾಮಾನು ಏನೋ ಸಿದ್ದು ತಂದಿಟ್ಕೊಂಡಿದ್ನಲ್ಲ, ಇವತ್ತೇ ಕೊಟ್ಟುಬಿಡಮ್ಮ, ಹೋದೋರು ಎರವಲು ತಂದಿದ್ದು ಮನೇಲಿ ಇರಬಾರದು. ಟಾರ್ಚು ಅತ್ತೆ ಅದು. ಅದೆಂಥ ಟಾರ್ಚು ಕಣೇ, ಬೆಂಕಿ ಉಗುಳೋದು. ಹದಿಮೂರು ದಿನದಲ್ಲಿ ಅತ್ತೆಯ ಬಾಯಲ್ಲಿ ಬಂದ ಮೊದಲ ತಮಾಷೆ, ಇಬ್ಬರೂ ನಗಲಿಲ್ಲ, ಆದರೂ ಅದು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಇತ್ತು. ಆವಲಪ್ಪ ಶಿಡ್ಲಘಟ್ಟದಲ್ಲಿ ಫ್ರಿಜ್ ರಿಪೇರಿ ಮಾಡುವವರು, ತಾಮ್ರದ ಪೈಪು ಬೆಸೆಯುವ ಗ್ಯಾಸ್ ಟಾರ್ಚು ಅವರದು, ಸಿದ್ಧಾರ್ಥನದು ಕೆಟ್ಟಿತ್ತು, ಶುಕ್ರವಾರ ಕೊಡ್ತೀನಿ ಅಂತ ತಂದ, ಗುರುವಾರ ಬೆಳಿಗ್ಗೆ ವಿಜಯಪುರದ ರಸ್ತೆಯಲ್ಲಿ ಬೈಕು — ಅಲ್ಲಿಗೆ ಹೋಗಬೇಡ, ಟಾರ್ಚಿಗೆ ಬಾ.

ಟಾರ್ಚು ಹುಳು ಮನೆಯಲ್ಲಿದೆ. ಈಗ ಅಲ್ಲಿ ಹುಳು ಇಲ್ಲ, ರೇಷ್ಮೆ ಬಿಟ್ಟವರಿಂದ ನಾವು ಬಾಡಿಗೆಗೆ ಹಿಡಿದು ಮೂರು ವರ್ಷ, ಮಡಕೆ ಮಾಡುವ ಚಕ್ರ, ಅದನ್ನು ಸುಡುವ ಗ್ಯಾಸಿನ ಗೂಡು, ಹೊಗೆಯ ಡ್ರಮ್ಮು, ಆದರೂ ಬಾಗಿಲು ತೆಗೆದರೆ ಇನ್ನೂ ಸೊಪ್ಪಿನ ವಾಸನೆ. ಬೇರೆಯವರು ಕೆಂಪಗೆ ಕಾದ ಮಡಕೆಯನ್ನು ಮರದ ಹೊಟ್ಟಿಗೆ ಹಾಕಿ ಹೊಗೆ ಹಿಡಿಸುತ್ತಾರೆ, ಅವನು ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗೆ ಹಾಕುತ್ತಿದ್ದ, ನಮ್ಮ ಜಂಗಮಕೋಟೆಯಲ್ಲಿ ಅದಕ್ಕೇನು ಬರವೇ. ಮೇಜಿನ ಮೇಲೆ ಹೂಜಿ. ಅವನು ಗೂಡಿನಿಂದ ಎತ್ತಿದ ಕಡೆಯ ಪಾತ್ರೆ, ಮಿಕ್ಕವೆಲ್ಲ ಯಾರ್ಯಾರದೋ ಮನೆ ಸೇರಿವೆ. ಇದು ಪೂರಾ ಕಂದು, ಮಂಕು, ಕುತ್ತಿಗೆಯ ಕೆಳಗೆ ಎದುರೆದುರಾಗಿ ಎರಡು ಬೂದು ಕಲೆ, ಇಕ್ಕಳ ಕಚ್ಚಿದ ಜಾಗ. ಬಣ್ಣ ಬಂದಿಲ್ಲ ಕಣೇ, ನಾಳೆ ಟಾರ್ಚು ಹಿಡೀತೀನಿ, ಅಂದಿದ್ದ. ಮೇಲೆ ಬಳಿಯುವ ಗ್ಲೇಜಿನ ತಾಮ್ರ ನಾನು ತೂಗಿದ್ದು. ನೀನು ತೂಗು, ನಾನು ಸುಡ್ತೀನಿ, ಅದೇ ನಮ್ಮ ಏರ್ಪಾಟು, ಕೆಮಿಸ್ಟ್ರಿ ಎಂಎಸ್ಸಿ ಮಾಡಿದವಳು ಒಂದು ಸಲವೂ ಬೆಂಕಿ ಹಿಡಿದಿಲ್ಲ. ಆದರೆ ಹೇಳಿಕೊಟ್ಟದ್ದು ನಾನೇ, ಕಾಲೇಜಿನ ಕ್ಯಾಂಟೀನಿನಲ್ಲಿ, ಅವನ ಟೀ ಆರುತ್ತಿತ್ತು, ಗಾಳಿ ಚೆನ್ನಾಗಿ ಸಿಕ್ಕಿದರೆ ತಾಮ್ರ ಹಸಿರು ಇಲ್ಲವೇ ಕಪ್ಪು, ಗಾಳಿ ಸಾಲದ ಉರಿ ತಾಮ್ರದಲ್ಲಿರುವ ಆಮ್ಲಜನಕವನ್ನೇ ಎಳೆದುಕೊಳ್ಳುತ್ತೆ, ಆಗ ಕೆಂಪು. ಅಂದ್ರೆ ಉರಿಗೆ ಹಸಿವಾಗಿರ್ಬೇಕು ಅನ್ನು. ಹೂಂ, ಹಂಗೇ ಅಂದ್ಕೋ.

ಹೀಗೇ ಬಿಡಬಹುದು, ಕಂದಾಗಿಯೇ, ಅವನು ಬಿಟ್ಟಂತೆ. ಸುಡಬಹುದು, ಟಾರ್ಚು ಇವತ್ತೊಂದೇ ದಿನ, ಕೆಟ್ಟರೆ ಇಂಥದು ಇನ್ನೊಂದಿಲ್ಲ. ಲೈಟರ್ ಒತ್ತಿದೆ. ಬುಸ್ ಎಂದು ನೀಲಿ ಮೊನೆ. ಅವನು ಮಾಡುವಂತೆ ಟಾರ್ಚಿನ ಮೂತಿಯ ಬಳೆ ತಿರುಗಿಸಿ ಗಾಳಿಯ ತೂತು ಅರ್ಧ ಮುಚ್ಚಿದೆ, ಉರಿ ಹಳದಿಯಾಗಿ ಮೆತ್ತಗಾಯಿತು, ಹಸಿದ ಉರಿ, ತಳದಿಂದ ಶುರು, ಸುತ್ತುತ್ತ, ಒಂದೇ ಕಡೆ ನಿಲ್ಲಿಸಬಾರದು — ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಕಂದಿನ ಒಳಗಿಂದ ಕೆಂಪು ಜಿನುಗಿತು, ಅರೆ ಮಾಗಿದ ಹಿಪ್ಪುನೇರಳೆ ಹಣ್ಣಿನ ಕೆಂಪು, ಅದರ ಅಂಚಿಗೆ ನೇರಳೆ, ನವಿಲು ಬಣ್ಣ. ಬಂದ್ ಕೂಡ್ಲೇ ಮುಂದಕ್ಕೆ ಹೋಗ್ಬೇಕು, ಆಸೆಪಟ್ಟು ನಿಂತ್ರೆ ಕೆಡುತ್ತೆ, ಅನ್ನುತ್ತಿದ್ದ. ಮುಂದಕ್ಕೆ ಹೋದೆ, ಹೊಟ್ಟೆ, ಹೆಗಲು, ಕುತ್ತಿಗೆ, ಒಂದು ಬೂದು ಕಲೆಯ ಮೇಲೆ ಉರಿ ಆಡಿಸಿದೆ, ಮೂರು ಸುತ್ತು, ಕಲೆ ಹೋಯಿತು. ಅವನು ಹಾಗೇ ಮಾಡುತ್ತಿದ್ದ, ಇಕ್ಕಳದ ಗುರುತು ಬಿಟ್ರೆ ಪೌಡರ್ ಹಾಕ್ಕೊಂಡು ಹಲ್ಲುಜ್ಜದೇ ಬಂದಂಗೆ ಕಣೇ, ಯಾವ ಪಾತ್ರೆಯಲ್ಲೂ ಬಿಟ್ಟವನಲ್ಲ, ನಾನೂ ಅದೇ ಅಭ್ಯಾಸದಲ್ಲಿ — ಅಲ್ಲಿ ಅವನು ಹಿಡಿದಿದ್ದ. ಆ ಬುಧವಾರ ಸಂಜೆ, ಎರಡೂ ಕೈಯಲ್ಲಿ ಇಕ್ಕಳ, ಪಕ್ಕಕ್ಕೆ ಸರಿಯೇ, ಡ್ರಮ್ಮು ಬಿಡು ಅಂದ, ಅಲ್ಲಿಯೇ ಬಿಗಿಯಾಗಿ ಹಿಡಿದಿದ್ದ, ಈಗ ಅಲ್ಲಿ ಬರೀ ಕೆಂಪು, ಬಹಳ ಚೆನ್ನಾಗಿದೆ. ಹೂಜಿಯ ಆ ಬದಿಗೆ ನಡೆದೆ, ಇನ್ನೊಂದು ಕಲೆ ಎದುರಿಗಿತ್ತು, ಹೆಬ್ಬೆರಳಿನಷ್ಟು, ಉರಿ ಅದರಿಂದ ಒಂದು ಗೇಣು ದೂರ. ಗ್ಯಾಸು ಮುಚ್ಚಿದೆ. ಶಬ್ದ ನಿಂತಿತು.

ಮಧ್ಯಾಹ್ನ ಶಿಡ್ಲಘಟ್ಟಕ್ಕೆ ಸ್ಕೂಟರಿನಲ್ಲಿ, ಚೀಲದಲ್ಲಿ ಟಾರ್ಚು, ದಾರಿಯುದ್ದಕ್ಕೂ ಸೊಪ್ಪಿನ ಹೊರೆ ಹೊತ್ತ ಟಿವಿಎಸ್‌ಗಳು, ಇದು ಅವನು ಬಿದ್ದ ರಸ್ತೆಯಲ್ಲ, ಈ ಕಡೆಯದು. ಆವಲಪ್ಪ ಒಂದು ಫ್ರಿಜ್ಜನ್ನು ಬೋರಲು ಹಾಕಿಕೊಂಡು ಕೂತಿದ್ದರು, ಎದ್ದರು, ಏಂ ಚೇಸ್ತಾಮಮ್ಮಾ, ಏನ್ ಮಾಡಕಾಗ್ತದೆ, ಕೂತ್ಕೋ ಬಾಮ್ಮ, ಇದಕ್ಕೋಸ್ಕರ ಬಿಸಿಲಲ್ಲಿ ಬರ್ಬೇಕಾ. ಟಾರ್ಚನ್ನು ತಿರುಗಿಸಿ ನೋಡಿದರು, ಮೂತಿಯೆಲ್ಲ ಮಸಿ, ಗಾಳಿ ಮುಚ್ಚಿ ಉರ್ಸಿದೀರಲ್ಲ, ಯಾರು ಹಚ್ಚಿದ್ದು. ನಾನೇ ಅಣ್ಣ, ಇವತ್ತು. ಅವರು ಬಟ್ಟೆಯಿಂದ ಮೂತಿ ಒರೆಸಿದರು, ಆಮೇಲೆ ಅದನ್ನು ನನ್ನ ಕಡೆಗೇ ಚಾಚಿದರು, ಇಟ್ಕೋಮ್ಮ ಇನ್ನೂ ನಾಲ್ಕು ದಿನ, ನನ್ ಹತ್ರ ಇನ್ನೊಂದೈತೆ, ಸಿದ್ದೂದು ಏನಾದ್ರೂ ಬಾಕಿ ಇದ್ರೆ ಮುಗಿಸ್ಕೊಂಡು ಕೊಡು. ಬಾಕಿ ಇದೆ, ಅಂದೆ. ಅದು ಹಾಗೇ ಇರ್ಲಿ ಅಣ್ಣ. ಅವರು ಟಾರ್ಚನ್ನು ಗೋಡೆಯ ಮೊಳೆಗೆ ತಗುಲಿಸಿದರು, ಅದರ ಜಾಗದಲ್ಲಿ, ಸುಣ್ಣದ ಮೇಲೆ ಅದರದೇ ಆಕಾರ ಮೊದಲೇ ಮೂಡಿತ್ತು, ಸರಿಯಾಗಿ ಕೂತಿತು, ನಾನು ಖಾಲಿ ಚೀಲ ಮಡಿಸಿದೆ, ಇನ್ನೊಮ್ಮೆ ಮಡಿಸಿದೆ — ಹೂಜಿಯ ಕುತ್ತಿಗೆಯ ಕೆಳಗೆ, ಕೆಂಪಿನ ನಡುವೆ, ಬೂದು, ಹೆಬ್ಬೆರಳಿನಷ್ಟು, ಅವನು ಹಿಡಿದ ಜಾಗ.