ಅಡುಗೆಮನೆಗೆ ವರ್ಗ

"ಲೇ ಹುಡ್ಗಾ, ಸೊಂಟ ಎತ್ತಿದ್ಯೋ ಒದ್ದುಬಿಡ್ತೀನಿ! ಬಗ್ಗು, ಬೋಳಿಮಗ್ನೆ!"

ಕುದುರೆ ಮೇಲಿಂದ ಹಾರ್ಗಿಸ್ ‘ಹುಡ್ಗಾ’ ಅಂದದ್ದು ಲೂಸಿಯನ್ ಬಟೀಸ್‌ಗೆ. ಲೂಸಿಯನ್ ಮೊಮ್ಮಕ್ಕಳಿರುವ ಮುದುಕ. ಹಾರ್ಗಿಸ್‌ಗೆ ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ. ಆದರೂ ಆತ ಬಿಳಿಯ, ಕಾವಲುಗಾರ, ಕೈಲಿ ಬಂದೂಕು. ಮಿಸಿಸಿಪ್ಪಿ ದಂಡೆಯ ಈ ಜೈಲಿನ ಹೊಲದಲ್ಲಿ ಕರಿಯರಿಗೆ ವಯಸ್ಸಾಗುವುದೇ ಇಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಜೊತೆಯ ಕೈದಿ ಓಡೆಲ್ ಇದೇ ಬೆಂಡೆಸಾಲಿನಲ್ಲಿ ನೀರು ನೀರು ಅನ್ನುತ್ತಲೇ ಬಿದ್ದು ಸತ್ತ. ಜೈಲಿನವರು ಸಹಜ ಸಾವು ಅಂದರು. ಆಮೇಲೇ ಲೂಸಿಯನ್ ರಾಜ್ಯ ಸರ್ಕಾರದ ಮೇಲೆ ಕೋರ್ಟಿಗೆ ಹೋದದ್ದು. ಕ್ರೂರ ಶಿಕ್ಷೆ ಕೂಡದು ಅಂತ ಸಂವಿಧಾನದಲ್ಲಿದೆ, ಸುಡುಬಿಸಿಲ ಹೊತ್ತು ನಮ್ಮನ್ನು ನೆರಳಿಗೆ ಬಿಡಿ, ಇಷ್ಟೇ ಅವನ ಮೊರೆ. ಗುಲಾಮಗಿರಿ ತೆಗೆದುಹಾಕುವಾಗ ಅದೇ ಸಂವಿಧಾನ ಕೈದಿಗಳನ್ನು ಆ ಬಿಡುಗಡೆಯಿಂದ ಹೊರಗಿಟ್ಟಿದೆ, ದುಡಿಸುವುದು ನಮ್ಮ ಹಕ್ಕು ಅಂತ ಸರ್ಕಾರ ಉತ್ತರ ಕೊಟ್ಟಿತು. ಮೊರೆಯಲ್ಲಿ ಇದ್ದದ್ದು ಲೂಸಿಯನ್ ಒಬ್ಬನ ಹೆಸರು. ಉಳಿದವರಿಗೆಲ್ಲ ಪುಕುಪುಕು.

ವಿಚಾರಣೆ ಹತ್ತಿರ ಬಂದಾಗ ಹಾರ್ಗಿಸ್ ಮುದುಕನಿಗೆ, "ನಾಳೆಯಿಂದ ನಿನ್ಗೆ ಅಡುಗೆಮನೆ. ಸಾಹೇಬ್ರ ಆರ್ಡರ್" ಅಂದ.

ನಮಗೆ ಕುಣಿಯುವಷ್ಟು ಖುಷಿಯಾಯಿತು. "ನೋಡಣ್ಣ, ಆಗ್ಲೇ ಚಡ್ಡೀಲಿ ಉಚ್ಚೆ ಹುಯ್ಕಂಡವ್ರೆ" ಅಂದೆ ನಾನು. "ಇವತ್ತು ನಿನ್ನ, ನಾಳೆ ನಮ್ನೆಲ್ಲಾ ನೆರಳಿಗೆ ಬಿಡ್ತಾರೆ ತಗೋ."

"ಬಾಯಿ ಮುಚ್ಚೋ ಟೆರೆಲ್, ಐಸು ಕದ್ದು ತಂದ್ಕೊಡ್ತೀನಿ" ಅಂತ ಮುದುಕ ನಕ್ಕ.

ಕೋರ್ಟಿಗೆ ನನ್ನನ್ನು ಸಾಕ್ಷಿ ಹೇಳಲು ಕರೆದೊಯ್ದರು. ಇಬ್ಬರ ಕಾಲಿಗೂ ಸರಪಳಿ. ಒಳಗೆ ನಡುಕ ಬರುವಷ್ಟು ಏಸಿ ಹಾಕಿದ್ದರು. ಹೊಲದ ಬಿಸಿಲು ಎಷ್ಟಿದೆ ಅಂತ ಅಲ್ಲಿ ಕೂತು ತೀರ್ಮಾನ ಮಾಡಬೇಕಿತ್ತು.

ಸರ್ಕಾರದ ವಕೀಲ ನಿಧಾನಕ್ಕೆ ಎದ್ದ. "ಸ್ವಾಮಿ, ಈತ ಈಗ ಹೊಲದಲ್ಲೇ ಇಲ್ಲ, ಅಡುಗೆಮನೆಯಲ್ಲಿದ್ದಾನೆ. ನೊಂದವನೇ ಇಲ್ಲ ಅಂದಮೇಲೆ ವ್ಯಾಜ್ಯ ಎಲ್ಲಿದೆ?"

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು. "ನಿಜ. ಇಲ್ಲದ ಜಗಳ ತೀರಿಸೋಕೆ ಕೋರ್ಟಿಗೆ ಅಧಿಕಾರ ಇಲ್ಲಪ್ಪ."

ಮುದುಕ ನೆರಳಿಗೆ ಹೋದದ್ದೇ ತಪ್ಪಾಗಿತ್ತು. "ನಾಳೆನೇ ಹೊಲಕ್ಕೆ ಹೋಯ್ತೀನಿ ಸ್ವಾಮಿ!" ಅಂತ ಕೂಗಿದ. "ಕೇಸು ಮುಚ್ಬ್ಯಾಡಿ!"

"ಯಾರು ಎಲ್ಲಿ ದುಡೀಬೇಕು ಅನ್ನೋದು ಜೈಲಿನವರಿಗೆ ಬಿಟ್ಟದ್ದು."

"ಇವ್ನು ಹೊಲದಾಗೇ ಅವ್ನಲ್ಲ, ಕಣ್ಣು ಕಾಣಾಕಿಲ್ವಾ?" ನನ್ನನ್ನು ತೋರಿಸಿದ.

ನಾನು ಎದ್ದು ನಿಂತೆ. "ನನ್ನೆಸ್ರು ಸೇರಿಸ್ಕಳಿ ಸ್ವಾಮಿ."

"ಮೊದಲು ಜೈಲಿಗೇ ದೂರು ಕೊಡು. ಅವರು ತಳ್ಳಿಹಾಕಿದರೆ ಮೇಲಿನವರಿಗೆ ಕೊಡು. ಅವರೂ ತಳ್ಳಿಹಾಕಿದ ಮೇಲೆ ಇಲ್ಲಿಗೆ ಬಾ."

ಅಷ್ಟು ಹೊತ್ತಿಗೆ ಇನ್ನೆಷ್ಟು ಮಂದಿ ಬಿದ್ದಿರುತ್ತಾರೋ. ಆ ಕನ್ನಡಕ ಕಿತ್ತು ಸರಪಳಿಕಾಲಲ್ಲೇ ತುಳಿಯಬೇಕೆನ್ನಿಸಿತು. ಕೇಸು ವಜಾ ಆಯಿತು.

ಮಾರನೆ ಬೆಳಗ್ಗೆ ಹೊಲಕ್ಕೆ ಹೊರಟ ಸಾಲಿನಲ್ಲಿ ಮುದುಕನೂ ಬಂದು ನಿಂತ, ಅಡುಗೆಮನೆಯ ಬಿಳಿ ಬಟ್ಟೆಯಲ್ಲೇ.

"ಒಳಗೋಗೋ, ಹುಡ್ಗಾ."

"ಬೆಂಡೆ ಕೀಳ್ತೀನಿ. ನನ್ನ ನೋವು ನನ್ಗೆ ವಾಪಸ್ ಕೊಡಿ."

ಹೇಳಿದ ಕೆಲಸ ಬಿಟ್ಟು ಬಂದನೆಂದು ಅವನನ್ನು ಕತ್ತಲೆಕೋಣೆಗೆ ಎಳೆದೊಯ್ದರು. ಅದು ತಗಡಿನ ಮಾಡಿನ ಕೋಣೆ, ಕಿಟಕಿಯಿಲ್ಲ. ಹೊಲಕ್ಕಿಂತ ಸೆಕೆ ಅಲ್ಲಿ. ಅವನ ಗುಂಡಿಗೆಯಾದರೋ ಮೊದಲೇ ಸೋತದ್ದು. ಮತ್ತೆ ಅವನನ್ನು ಕಾಣುತ್ತೇನೆಂಬ ನಂಬಿಕೆ ನನಗಿಲ್ಲ.

ಹೊಲದ ಬದುವಿನಲ್ಲಿ ಹಾರ್ಗಿಸ್ ಕುದುರೆಯನ್ನು ನನ್ನ ಹತ್ತಿರ ತಂದ. "ದೂರು ಕೊಡ್ತಿಯಂತಲ್ಲೋ ಟೆರೆಲ್? ಕಷ್ಟ ಯಾಕೆ? ಬಾ, ಇವತ್ತಿಂದ ನೀನೂ ಅಡುಗೆಮನೆ."

ಅಡುಗೆಮನೆ ಅಂದರೆ ಫ್ಯಾನು, ತಣ್ಣೀರು, ಬದುಕಿ ಉಳಿಯುವುದು. ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ. ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು, ಕೆಲವರು ಹೊಟ್ಟೆಕಿಚ್ಚಿನಿಂದ.

ಚೀಲ ಕೊರಳಿಗೆ ಹಾಕಿಕೊಂಡು ಸಾಲಿಗೆ ಇಳಿದೆ.

"ಕಿವಿ ಕೇಳಿಸ್ತಿಲ್ವೇನೋ ಸೂಳೆಮಗ್ನೆ?"

ಅವನು ಕುದುರೆಯಿಂದ ಇಳಿದದ್ದು, ಸೊಂಟದಿಂದ ಬೇಡಿ ಬಿಚ್ಚಿದ್ದು ಕೇಳಿಸಿತು. ಬೂಟಿನ ಸದ್ದು ಹತ್ತಿರವಾಯಿತು. ನಾನು ತಲೆ ಎತ್ತದೆ ಬೆಂಡೆ ಕೀಳುತ್ತಿದ್ದೆ.