ಹಸಿವಿಲ್ಲದ ಮನೆಯ ಗಂಗಾಳ

ನಾನೊಂದು ಕಂಚಿನ ಗಂಗಾಳ. ಕಂಚುಗಾರನ ಕುಲುಮೆಯಲ್ಲಿ ಕರಗಿ, ಅಚ್ಚಿನಲ್ಲಿ ತಣಿದು, ಸುತ್ತಿಗೆಯ ಏಟು ತಿಂದು ಅಗಲವಾದೆ. ಬನಹಟ್ಟಿಯ ನೇಕಾರ ಮುರಿಗೆಪ್ಪನ ಮದುವೆಯಲ್ಲಿ ಅವನ ಮಾವ ನನ್ನನ್ನು ಬಳುವಳಿಯಾಗಿ ಕೊಟ್ಟ.

ಉಣ್ಣುವವರ ಮುಖವನ್ನು ನಾನು ಕೆಳಗಿನಿಂದ ನೋಡುತ್ತೇನೆ. ಮಗ್ಗದಿಂದ ಎದ್ದು ಬಂದ ಮುರಿಗೆಪ್ಪ ಎಣಗಾಯಿ ಪಲ್ಯಕ್ಕೆ ರೊಟ್ಟಿ ಹಚ್ಚಿ ತಿನ್ನುವಾಗ ಅವನ ಹಣೆಯ ಬೆವರು ನನ್ನ ಅಂಚಿಗೆ ತೊಟ್ಟಿಕ್ಕುತ್ತಿತ್ತು. ನಲವತ್ತರ ಹತ್ತಿರ ಬಂದಾಗ ಅವನು ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದ. "ಹೊಟ್ಟಿ ತುಂಬೇತಿ, ನೀಲವ್ವಾ" ಎನ್ನುತ್ತಿದ್ದ ಹೆಂಡತಿಗೆ. ಅವನ ಅಪ್ಪನೂ, ಒಬ್ಬ ಅಣ್ಣನೂ ಹೀಗೇ ಬಾಡಿ ಹೋಗಿದ್ದರಂತೆ. ಮರುವರ್ಷ ಮುರಿಗೆಪ್ಪನೂ ಹೋದ.

ಆಮೇಲೆ ಮಗ ಗುರುಸಿದ್ದ ನನ್ನಲ್ಲಿ ಉಂಡ. ವರ್ಷಗಳು ಕಳೆದು ಅವನಿಗೂ ಹಾಗೇ ಶುರುವಾದಾಗ ಓಣಿಯವರು, "ದೋಷ ಆ ಗಂಗಾಳದಾಗ ಐತಿ" ಎಂದರು. ನೀಲವ್ವ ನನ್ನನ್ನು ಅರಿವೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಗುರುಸಿದ್ದನ ನರಳಾಟ ಅಲ್ಲಿಗೂ ಕೇಳುತ್ತಿತ್ತು. ಒಂದು ಮುಂಜಾನೆ ಅದು ನಿಂತಿತು.

ಅವನನ್ನು ನೋಡಿದ್ದ ಹುಬ್ಬಳ್ಳಿಯ ಡಾಕ್ಟರು ಅದೇ ಓಣಿಯಲ್ಲಿ ಸಂಸಾರ ಹೂಡಿದ್ದ ಗುರುಸಿದ್ದನ ತಂಗಿ ದಾನಮ್ಮನನ್ನು ಕರೆಸಿ, ಮನೆತನದ ಸಾವುಗಳನ್ನೆಲ್ಲ ಕೇಳಿದರು. ರಕ್ತ ಪರೀಕ್ಷೆ ಮಾಡಿಸಿಕೊಂಡ ದಾನಮ್ಮ ಒಂದು ದಿನ ತಾಯಿಯ ಮುಂದೆ ಬಂದು ಕೂತಳು.

"ಗಂಗಾಳದಾಗ ಏನೂ ಇಲ್ಲವ್ವಾ. ಹೊಟ್ಟಿ ಕ್ಯಾನ್ಸರಿನ ಬೀಜ ಅಪ್ಪನ ರಕ್ತದಾಗ ಬಂದೈತಿ. ನನ್ನೊಳಗೂ ಐತಿ. ಅನ್ನದ ಚೀಲ ಪೂರಾ ತಗಸ್ಬೇಕಂತ."

"ಬ್ಯಾನಿಲ್ಲ, ಬ್ಯಾಸರಿಲ್ಲ. ಛಲೋ ಇರೂ ಹೊಟ್ಟಿ ಕೊಯ್ಸ್ಕೋತೀಯಾ?"

"ಛಲೋ ಇದ್ದಾಗನ ತಗಸ್ಬೇಕವ್ವಾ. ಕ್ಯಾಮೆರಾ ಬಿಟ್ಟು ನೋಡಿದ್ರೂ ಇದು ಲಗೂನ ಕಾಣೂದಿಲ್ಲಂತ. ಅಣ್ಣಂದು ಕಾಣೂದ್ರಾಗ ಹೊತ್ತು ಮೀರಿತ್ತು."

ನೀಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದ್ದು ಅಟ್ಟಕ್ಕೂ ಕೇಳಿತು. ನನ್ನ ಮೇಲಿನ ಅಪವಾದ ಅಂದು ಹೋಯಿತು, ಸಂತೋಷವಾಗಲಿಲ್ಲ. ದೋಷ ನನ್ನಲ್ಲೇ ಇದ್ದಿದ್ದರೆ ನನ್ನನ್ನು ಕರಗಿಸಿ ಮುಗಿಸಬಹುದಿತ್ತು.

ದಾನಮ್ಮ ನನ್ನನ್ನು ಅಟ್ಟದಿಂದ ಇಳಿಸಿ ತನ್ನ ಮನೆಗೆ ಒಯ್ದಳು. ಆಪರೇಷನ್ ಆಯಿತು. ತೆಗೆದ ಚೀಲದಲ್ಲಿ, ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ, ರೋಗ ಆಗಲೇ ಬೇರೂರಿತ್ತಂತೆ. ದಾನಮ್ಮ ಉಳಿದಳು, ಹಸಿವು ಉಳಿಯಲಿಲ್ಲ. ಗಡಿಯಾರ ನೋಡಿ ಸಣ್ಣ ಬಟ್ಟಲಲ್ಲಿ ನಾಲ್ಕು ಚಮಚ ನುಚ್ಚು ಉಣ್ಣುತ್ತಾಳೆ. ಕೊಂಚ ಹೆಚ್ಚಾದರೂ ಬೆವರಿ, ತಲೆ ಸುತ್ತಿ, ಗೋಡೆ ಹಿಡಿದು ಕೂರುತ್ತಾಳೆ. ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಒಮ್ಮೆ ತೊಳೆದಿಟ್ಟ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅತ್ತಳು.

ಈಗ ನನಗೂ ವಯಸ್ಸಾಯಿತು. ಅಂಚು ಸವೆದಿದೆ, ಅಡುಗೆಮನೆಯ ಮೂಲೆಯೇ ನನ್ನ ಜಾಗ. ದಾನಮ್ಮನ ಮಗಳು ಕಸ್ತೂರಿಗೆ ಹದಿನೆಂಟು ತುಂಬಿದೆ. ತಾನೇ ಹಟ ಹಿಡಿದು ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾಳೆ. ತಾಯಿಯಿಂದ ಬಂದಿರಲೂಬಹುದು, ಬಾರದಿರಲೂಬಹುದು, ಎರಡೂ ಸಮಸಮ ಎಂದಿದ್ದಾರಂತೆ ಡಾಕ್ಟರು. ಉತ್ತರ ಇನ್ನೂ ಬಂದಿಲ್ಲ.

ನಿನ್ನೆ ಕಸ್ತೂರಿ ಮೂಲೆಯಿಂದ ನನ್ನನ್ನು ಎಳೆದುಕೊಂಡು ಉಣ್ಣುತ್ತಾ ಕೇಳಿದಳು: "ಅವ್ವಾ, ನನಗೂ ಐತಿ ಅಂದ್ರ?"

ದಾನಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು.

"ನೀ ಬದುಕೀಯಲ್ಲ. ನಾನೂ ಬದುಕ್ತೀನಿ. ಇನ್ನೊಂದು ರೊಟ್ಟಿ ಹಾಕು."

ದಾನಮ್ಮ ಬಿಸಿ ರೊಟ್ಟಿ ಹಾಕಿದಳು. ಕೇಳದಿದ್ದರೂ ಮತ್ತೊಂದು ಹಾಕಿದಳು. ಹುಡುಗಿ ಸಾಕು ಸಾಕು ಎಂದರೂ ಆಕೆಯ ಕೈ ನಿಲ್ಲಲಿಲ್ಲ. ಹಾಕಿದ್ದನ್ನು ಹೊತ್ತು ಕೂರುವುದಷ್ಟೇ ನನಗೆ ಬರುತ್ತದೆ, ಕೂತೆ.