ಬಲಗಡೆಯ ಗಿಟಾರು

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಐವತ್ತು ವರ್ಷ ಹಳೆಯದಾದ ಒಂದು ಇಂಗ್ಲಿಷ್ ರಾಕ್ ಆಲ್ಬಮ್ಮನ್ನು ಯಾರೋ ಹೊಸದಾಗಿ ಸ್ಟೀರಿಯೋ ರಿಮಿಕ್ಸ್ ಮಾಡಿ ಬಿಡುಗಡೆ ಮಾಡಿದ್ದರು. ತಂಡದ ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳಕ್ಕೆ ಬರುವವರಿದ್ದಾರೆ. ರಿಮಿಕ್ಸ್ ಎಂದರೆ ಹಳೆ ಹಾಡಿಗೆ ಢಂಢಂ ಸೇರಿಸಿ ಮದುವೆಮನೆಯಲ್ಲಿ ಕುಣಿಸುವುದಲ್ಲ. ಅಂದು ಸ್ಟುಡಿಯೋದಲ್ಲಿ ಬೇರೆ ಬೇರೆಯಾಗಿ ಹಿಡಿದಿಟ್ಟ ಡ್ರಮ್ಮು, ಗಿಟಾರು, ದನಿಗಳನ್ನು ಹೊರತೆಗೆದು, ಯಾವುದು ಎಡಗಿವಿಗೆ, ಯಾವುದು ಬಲಗಿವಿಗೆ, ಯಾವುದು ನಡುವೆ ಎಂದು ಮತ್ತೊಮ್ಮೆ ಹಂಚಿ ಕೂರಿಸುವುದು. ಸಾಮಾನು ಅದೇ, ಅಡುಗೆ ಬೇರೆ.

ಯಲ್ಲಾಪುರದ ಹೆದ್ದಾರಿ ಬದಿಯ ನನ್ನ ಅಂಗಡಿಯಲ್ಲಿ ಕೂತು ಅದನ್ನು ಹೆಡ್‌ಫೋನಿನಲ್ಲಿ ಕೇಳಿದೆ. ತಾಳಮದ್ದಳೆ, ಯಕ್ಷಗಾನ, ಮದುವೆಗಳಿಗೆ ಮೈಕ್ ಸೆಟ್ ಹಾಕುವುದು ನನ್ನ ಕಸುಬು, ರಾಕ್ ನನ್ನ ಹುಚ್ಚು. ಎರಡಕ್ಕೂ ನನ್ನ ಬಳಿ ಇರುವ ಬಂಡವಾಳ ಈ ಎರಡು ಕಿವಿಗಳು ಮಾತ್ರ. ಮೊದಲ ಹಾಡಿಗೇ ತಲೆ ಕೆಟ್ಟಿತು. ಬಲಗಡೆ ಕೇಳಬೇಕಿದ್ದ ಎರಡನೇ ಗಿಟಾರು ಇರಲೇ ಇಲ್ಲ. ಆ ಜಾಗದಲ್ಲಿ ಸುಂಯ್ ಎಂದು ಹಳೆ ಟೇಪಿನ ಸದ್ದು. ಅಷ್ಟು ದೊಡ್ಡ ಸ್ಟುಡಿಯೋ ಇಟ್ಟುಕೊಂಡವರಿಗೆ ಟೇಪಿನ ಸುಂಯ್ ತೆಗೆಯಲಿಕ್ಕೂ ಬರುವುದಿಲ್ಲವೇ?

ಹಳೆಯದನ್ನು ಹಾಕಿ ಹೋಲಿಸಿ ನೋಡಲಿಲ್ಲ. ಅದು ನನಗೆ ಬಾಯಿಪಾಠ. ಕಾಲೇಜಿನ ದಿನಗಳಿಂದ ಕೇಳಿ ಕೇಳಿ, ಗಿಟಾರು ಯಾವ ಕ್ಷಣದಲ್ಲಿ ಎಲ್ಲಿಂದ ಬರುತ್ತದೆ ಎಂಬುದು ನನ್ನ ಮನೆಯ ಮೆಟ್ಟಿಲಿನಷ್ಟೇ ಗೊತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮಂಥ ಹುಚ್ಚರದೇ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಆ ರಿಮಿಕ್ಸ್ ಮಾಡಿದವನ ಚಳಿ ಬಿಡಿಸಿ ಬರೆದೆ. ಗಿಟಾರು ಚೆನ್ನಾಗಿಯೇ ಕೇಳುತ್ತದಲ್ಲ ಎಂದವರಿಗೆ ಮೊದಲು ಒಳ್ಳೆಯ ಹೆಡ್‌ಫೋನು ಕೊಂಡುಕೊಳ್ಳಿ ಎಂದೆ.

ಅದೇ ವಾರ ಮಾಗೋಡಿನ ಕಡೆ ಒಂದು ತಾಳಮದ್ದಳೆ ಇತ್ತು. ನಡುವೆ ಭಾಗವತ ನಾಗಪತಿ ಕೈಸನ್ನೆ ಮಾಡಿ ಕರೆದರು.

"ಬಲಗಡೆ ಸ್ಪೀಕರ್ ಕಿವಿ ಹರೀತಾ ಇದ್ದು. ಕಮ್ಮಿ ಮಾಡಾ ಸಂದೇಶಾ."

ಭಾಗವತರಿಗೆ ವಯಸ್ಸಾಯಿತು ಎಂದು ಮನೆಗೆ ಬಂದು ಜಯಾಳ ಹತ್ತಿರ ನಗಾಡಿದೆ. ಅವಳು ನಗಲಿಲ್ಲ. "ಆಗಿಂದ ಕರೀತಾ ಇದ್ದೆ, ಕೇಳ್ತಿಲ್ಯ ನಿಂಗಕ್ಕೆ?" ಎಂದಳು. ಹೆಂಡತಿ ಕರೆದದ್ದು ಕೇಳದ ಗಂಡಂದಿರು ಊರ ತುಂಬ ಇದ್ದಾರೆ. ನಾನೂ ಅವರಲ್ಲೊಬ್ಬ ಎಂದುಕೊಂಡೆ.

ಸಿದ್ದಾಪುರದ ನಂದನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ನನ್ನಷ್ಟೇ ಹುಚ್ಚ. ನಮ್ಮಿಬ್ಬರದ್ದು ಒಂದು ಪದ್ಧತಿ. ಹೊಸ ರಿಮಿಕ್ಸ್ ಬಂದಾಗಲೆಲ್ಲ ಅವನ ಮನೆಯಲ್ಲಿ ಸೇರುವುದು. ಒಬ್ಬ ಕಣ್ಣಿಗೆ ಪಂಜಿ, ಅಂದರೆ ತೆಳು ಟವೆಲ್ಲು, ಬಿಗಿದುಕೊಂಡು ಹೆಡ್‌ಫೋನು ಹಾಕಿ ಗೋಡೆಗೆ ಮುಖ ಮಾಡಿ ಕೂರಬೇಕು. ಇನ್ನೊಬ್ಬ ಹಳೆಯದನ್ನೋ ಹೊಸದನ್ನೋ ಹಾಕುತ್ತಾನೆ. ಕೂತವನು ಯಾವುದು ಎಂದು ಹೇಳಬೇಕು. ಈ ಆಟದಲ್ಲಿ ನಾನು ಸೋತವನೇ ಅಲ್ಲ, ಅದರ ಜಂಬವೂ ನನಗೆ ಸಾಕಷ್ಟಿತ್ತು. ಅದರ ಮುಂದಿನ ವಾರದ ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಹೋದದ್ದು ನಂದನನಿಗೆ ಪಾಠ ಕಲಿಸಲಿಕ್ಕೆ, ಯಾಕೆಂದರೆ ಗುಂಪಿನಲ್ಲಿ ಗಿಟಾರು ಇದೆ ಎಂದವರ ಪೈಕಿ ಅವನೂ ಒಬ್ಬ.

ಪಂಜಿ ಕಟ್ಟಿದ. ಹಾಡು ಶುರುವಾಯಿತು.

"ಹೇಳಾ, ಯಾವ್ದು?"

"ಹೊಸ್ದು. ಗಿಟಾರು ನುಂಗ್ಹಾಕಿದ್ದ. ಸುಂಯ್ ಹೇಳ್ತಾ ಇದ್ದು."

ನಂದನ ಬೈಯಲಿಲ್ಲ, ಕುಣಿಯಲೂ ಇಲ್ಲ. ಸಾಮಾನ್ಯವಾಗಿ ಸರಿಯಾದರೆ ಬೈಯುತ್ತಾನೆ, ತಪ್ಪಾದರೆ ಕುಣಿಯುತ್ತಾನೆ. ಹೆಡ್‌ಫೋನನ್ನು ಒಂದಿಷ್ಟು ಸರಿಸಿ, "ಇನ್ನೊಂದ್ಸಲ ಕೇಳು," ಎಂದು ಅದನ್ನೇ ಹಾಕಿದ.

"ಹೊಸ್ದೇ ಮಾರಾಯಾ! ಎಷ್ಟು ಸಲ ಹೇಳವು?"

"ಸಂದೇಶಾ, ಇದು ಹಳೇದು. ಗಿಟಾರು ಇದ್ದು."

ಸುಳ್ಳು ಹೇಳುತ್ತಿದ್ದಾನೆ ಎಂದು ಪಂಜಿ ಕಿತ್ತು ತಿರುಗಿ ನೋಡಿದೆ. ಪರದೆಯ ಮೇಲೆ ಹಳೆಯದರ ಹೆಸರು, ಹಳೆಯ ಇಸವಿ. ನನಗೆ ಬಾಯಿಪಾಠವಾಗಿದ್ದ ಹಾಡು. ಹಾಡು ಓಡುತ್ತಲೇ ಇತ್ತು, ಬಲಗಡೆ ಏನೂ ಇರಲಿಲ್ಲ. ಹೆಡ್‌ಫೋನನ್ನು ತಿರುವಿ ಹಾಕಿಕೊಂಡೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತಕ್ಷಣ ಎಡಗಿವಿಯಲ್ಲಿ ಗಿಟಾರು ಬಂತು. ಅದೇ ಗಿಟಾರು, ಒಂದು ಸ್ವರವೂ ಕಡಿಮೆಯಾಗಿರಲಿಲ್ಲ. ಈಗ ಡ್ರಮ್ಮು ಕಾಣೆಯಾಗಿತ್ತು.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ನನ್ನ ಅಂಗಡಿಯಲ್ಲಿ ಲಾರಿಗಳ ಗಲಾಟೆ, ಫ್ಯಾನಿನ ಗಡಗಡ. ನಂದನನ ಕೋಣೆಯಲ್ಲಿ ಅಂಥದ್ದೇನೂ ಇಲ್ಲ. ಆ ಮೌನದಲ್ಲಿ ಬಲಗಡೆ ಸುಂಯ್ ಎನ್ನುತ್ತಲೇ ಇತ್ತು. ಟೇಪೂ ಇಲ್ಲ, ಹಾಡೂ ಇಲ್ಲ, ಸುಂಯ್ ಮಾತ್ರ ಇತ್ತು.

"ನಂದನಾ, ಎಂಗೆ ಹೆದ್ರಿಕೆ ಆಗ್ತಾ ಇದ್ದು," ಎಂದೆ. ನನ್ನ ದನಿ ನನಗೇ ಒಂದು ಬದಿಯಿಂದ ಕೇಳಿತು.

"ಗುಗ್ಗೆ ಗಟ್ಟಿ ಆಗಿಕ್ಕಾ. ತೆಗೆಸಿರೆ ಸರಿ ಆಗ್ತು. ಏಳು, ಶಿರಸಿಗೆ ಹೋಪನ."

ಗುಗ್ಗೆ! ಆ ಮಾತನ್ನು ದೇವರ ಪ್ರಸಾದದ ಹಾಗೆ ಹಿಡಿದುಕೊಂಡೆ. ನಂದನ ಬೈಕ್ ಓಡಿಸಿದ, ನಾನು ಹಿಂದೆ ಕೂತು ದಾರಿಯುದ್ದಕ್ಕೂ ಬಲಗಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆದು ನೋಡುತ್ತಿದ್ದೆ. ಶಿರಸಿಯಲ್ಲಿ ಇಳಿದು ರಸ್ತೆ ದಾಟುವಾಗ ಬಸ್ಸೊಂದು ಹಾರ್ನ್ ಹೊಡೆಯಿತು. ಎಡಗಡೆಯಿಂದ ಬಂತೆಂದು ಬಲಕ್ಕೆ ಸರಿದೆ. ಬಸ್ಸು ಬಲಗಡೆಯೇ ಇತ್ತು. ನಂದನ ಅಂಗಿ ಹಿಡಿದು ಎಳೆಯದಿದ್ದರೆ ಈ ಕಥೆ ಬೇರೆ ಯಾರೋ ಹೇಳಬೇಕಿತ್ತು. ಡ್ರೈವರ್ ತಲೆ ಹೊರಗೆ ಹಾಕಿ "ಕಿವಿ ಕೇಳ್ಸೂದಿಲ್ಲೇನ್ರಿ?" ಎಂದು ಬೈದ. ಬೇರೆ ದಿನವಾಗಿದ್ದರೆ ಅವನನ್ನು ಕೆಳಗಿಳಿಸಿ ಜಗಳವಾಡುತ್ತಿದ್ದೆ. ಅಂದು ನಂದನನ ಕೈ ಹಿಡಿದು ರಸ್ತೆ ದಾಟಿದೆ.

ಕಿವಿಯ ಡಾಕ್ಟರು ನಂದನನಿಗೆ ಪರಿಚಯ, ಭಾನುವಾರವಾದರೂ ಬಾಗಿಲು ತೆಗೆದರು. ನಡುವಯಸ್ಸಿನ ಹೆಂಗಸು, ಮೆಲುದನಿ. ದೀಪ ಹಿಡಿದು ಬಲಗಿವಿಯೊಳಗೆ ಬಗ್ಗಿ ನೋಡಿದರು.

"ಕಿವಿ ಸ್ವಚ್ಛ ಇದೆ. ಗುಗ್ಗೆ ಏನಿಲ್ಲ."

ಅಷ್ಟು ಕೆಟ್ಟ ಸುದ್ದಿಯನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಅವರು ಲೋಹದ ಕವೆಯೊಂದನ್ನು ಮೀಟಿ ನನ್ನ ಹಣೆಯ ನಡುವೆ ಇಟ್ಟರು.

"ಯಾವ ಕಡೆ ಕೇಳ್ತದೆ?"

"ಎಡಗಡೆ."

"ಸರಿಯಾಗಿ ಗಮನ ಕೊಟ್ಟು ಹೇಳಿ."

"ಎಡಗಡೆ."

"ಯಾವಾಗಿಂದ ಹೀಗಾಗಿದೆ?"

ಯಾವಾಗಿಂದ ಎಂದು ಹೇಳಲಿ? ರಿಮಿಕ್ಸ್ ಬಂದಾಗಿನಿಂದ ಎಂದೆ. ಅವರಿಗೆ ತಿಳಿಯಲಿಲ್ಲ. ಎರಡು ವಾರವಾಯಿತು ಎಂದು ನಂದನ ಬಿಡಿಸಿ ಹೇಳಿದ.

"ಬರೇ ಕಿವಿ ಕಟ್ಟಿದ್ರೆ ಇದು ಬಲಗಡೆಯೇ ಜೋರು ಕೇಳ್ಬೇಕಿತ್ತು. ಇದು ನರದ ತೊಂದ್ರೆ ಇದ್ದಂಗೆ ಕಾಣ್ತದೆ. ಒಮ್ಮೆಲೇ ಬರ್ತದೆ, ಯಾಕೆ ಬಂತು ಅಂತ ಎಷ್ಟೋ ಸಲ ನಮಗೂ ಗೊತ್ತಾಗೂದಿಲ್ಲ. ಕೂಡ್ಲೇ ಬಂದಿದ್ರೆ ಚಲೋ ಇತ್ತು. ಮೊದಲ ದಿನಗಳಲ್ಲಿ ಔಷಧ ಬಿದ್ರೆ ವಾಪಸ್ ಬರೂದು ಹೆಚ್ಚು. ಈಗ್ಲೂ ಕೊಡ್ತೇನೆ. ಮೊದಲು ಎಷ್ಟು ಉಳಿದದೆ ನೋಡುವ."

ಆ ಮೊದಲ ದಿನಗಳಲ್ಲಿ ನಾನೇನು ಮಾಡುತ್ತಿದ್ದೆ? ಇನ್ನೊಬ್ಬನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದೆ. ಪಕ್ಕದಲ್ಲೇ ಹಳೆಯ ಆಲ್ಬಮ್ ಇತ್ತು. ಒಂದೇ ಒಂದು ಸಲ ಹಾಕಿ ಕೇಳಿದ್ದರೆ ಆವತ್ತೇ ಗೊತ್ತಾಗುತ್ತಿತ್ತು.

ಪರೀಕ್ಷೆಗೆ ಮೂಲೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆ. ಒಬ್ಬನೇ ಒಳಗೆ ಹೋಗಲು ಧೈರ್ಯ ಸಾಲಲಿಲ್ಲ, ನಂದನನೂ ಜೊತೆಗಿರಲಿ ಎಂದು ಕೇಳಿಕೊಂಡೆ. ಹಾಗೆ ಬಿಡುವುದಿಲ್ಲ ಎಂದ ಡಾಕ್ಟರು ನನ್ನ ಮುಖ ನೋಡಿ ಒಪ್ಪಿದರು. ಅವನು ಸ್ಟೂಲು ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರು ಕೂತ. ಡಾಕ್ಟರು ನನ್ನ ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಎಷ್ಟೇ ಸಣ್ಣ ಸದ್ದು ಕೇಳಿದರೂ ಒತ್ತಬೇಕು.

ಮೊದಲು ಎಡಗಿವಿ. ಸದ್ದು ಬಂದ ಹಾಗೆಲ್ಲ ಒತ್ತಿದೆ, ಒತ್ತುತ್ತಾ ಹೋದೆ. ಆಮೇಲೆ ಎಡಗಿವಿಯೊಳಗೆ ಮಳೆ ಸುರಿದಂಥ ಸದ್ದು ಬಿಟ್ಟರು. ಒಳ್ಳೆಯ ಕಿವಿ ಕದ್ದು ಕೇಳಬಾರದು ಎಂದು ಹಾಗೆ ಮಾಡುತ್ತಾರಂತೆ. ಈಗ ಬಲಗಿವಿಯ ಸರದಿ. ಕಣ್ಣು ಮುಚ್ಚಿದೆ. ಸುಂಯ್‌ನ ಆಚೆ ಎಲ್ಲೋ ಎಳೆಯಂಥ ಸೀಟಿ ಕೇಳಿದ ಹಾಗಾಯಿತು. ಒತ್ತಿದೆ. ಮತ್ತೆ ಕೇಳಿತು. ಮತ್ತೆ ಒತ್ತಿದೆ. ಸಂತೋಷದಿಂದ ಕಣ್ಣಲ್ಲಿ ನೀರು ಬಂತು.

ಡಾಕ್ಟರು ಬಾಗಿಲು ತೆಗೆದು ಒಳಗೆ ಬಂದರು. ಎಡಗಡೆಯ ಹೆಡ್‌ಫೋನನ್ನು ಸರಿಸಿ ಮೆಲ್ಲಗೆ ಹೇಳಿದರು.

"ನಾನಿನ್ನೂ ಶಬ್ದ ಹಾಕ್ಲಿಲ್ಲ."

ಬಾಗಿಲು ಮುಚ್ಚಿತು, ಮಳೆ ಮತ್ತೆ ಶುರುವಾಯಿತು. ಈ ಸಲ ಬೆರಳನ್ನು ಗುಂಡಿಯಿಂದ ಮೇಲೆತ್ತಿ ಹಿಡಿದು, ಕಣ್ಣು ತೆರೆದೇ ಕೂತೆ. ಗಾಜಿನಾಚೆ ಅವರ ಕೈ ಯಂತ್ರದ ತಿರುಗಣೆಯ ಮೇಲಿತ್ತು. ತಿರುಗಿಸಿದರು, ನನ್ನನ್ನು ನೋಡಿದರು. ಇನ್ನಷ್ಟು ತಿರುಗಿಸಿದರು, ಮತ್ತೆ ನೋಡಿದರು. ನಾನು ಉಸಿರು ಬಿಗಿಹಿಡಿದು ಕಾಯುತ್ತಲೇ ಇದ್ದೆ.

ಎದುರು ಕೂತಿದ್ದ ನಂದನ ಒಮ್ಮೆಲೇ ತಲೆಯೆತ್ತಿ ನನ್ನ ಬಲಗಿವಿಯ ಕಡೆ ನೋಡಿದ. ಅವನಿಗೆ ಕೇಳಿತ್ತು.